ಖಾತೆ ಹೋದರೂ ಕಿರ್ದಿ ಇದ್ದರೆ

ಬರೆಯುವುದಕ್ಕಿಂತ ಅಳಿಸುವುದು ಸುಲಭ. ಬರೆಯಲು ಅಕ್ಷರ ಬರಬೇಕು. ಅಳಿಸಲು ಅಂಗೈ ಇದ್ದರೆ ಸಾಕು. ನಮ್ಮ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರೆಂದು ತೋರುತ್ತದೆ. ಇಂದು ‘ಕಡತ’ ಎಂದರೆ ಸರ್ಕಾರಿ ಕಚೇರಿಯ ಫೈಲು ನೆನಪಾಗುತ್ತದೆ. ಹಿಂದೆ ಅದು ಬಟ್ಟೆಯ ಪುಸ್ತಕವಾಗಿತ್ತು. ಹುಣಿಸೆ ಬೀಜದ ಸರಿಗೆ ಇದ್ದಿಲ ಪುಡಿ ಕಲಸಿ, ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿಟ್ಟು ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದಾಗ ಒರೆಸಿ ಮತ್ತೆ ಬರೆಯುತ್ತಿದ್ದರು. ದಿನದ ಲೆಕ್ಕಕ್ಕೆ ಅಷ್ಟು ಸಾಕು. ಆದರೆ ಕೆರೆಗೆ ಬಿಟ್ಟ ಭೂಮಿಯನ್ನೋ ದೇವರಿಗೆ ಬಿಟ್ಟ ದತ್ತಿಯನ್ನೋ ಅವರು ಕಡತದಲ್ಲಿ ಬರೆದು ಸುಮ್ಮನಾಗುತ್ತಿರಲಿಲ್ಲ. ಕಲ್ಲಿನ ಮೇಲೆ ಕೊರೆಸುತ್ತಿದ್ದರು. ಅಂಗೈಯಿಂದ ಒರೆಸಿದರೆ ಕಲ್ಲು ಅಳಿಯದು.

ನಮ್ಮ ಕಾಲದ ಕಡತ ಕಂಪ್ಯೂಟರು. ಒಂದು ಕೋಟಿ ಜನರ ಲೆಕ್ಕವನ್ನು ಬೆರಳುದ್ದದ ಜಾಗದಲ್ಲಿ ಅದು ಹಿಡಿದಿಡುತ್ತದೆ. ಅಷ್ಟನ್ನೂ ಒಂದು ಸಾಲಿನ ಆಜ್ಞೆಗೆ ಒರೆಸಿಯೂ ಬಿಡುತ್ತದೆ. ಕಲಾ ವಿಭಾಗದ ವಿದ್ಯಾರ್ಥಿಗೆ ಇದರ ಗೊಡವೆ ಏಕೆಂದು ವಾಚಕರು ಕೇಳಬಹುದು. ನಾನು ಐಚ್ಛಿಕವಾಗಿ ಓದುತ್ತಿರುವುದು ಇತಿಹಾಸ ಮತ್ತು ಕನ್ನಡ. ಆದರೆ ಸಂಜೆ ಐದರಿಂದ ಎಂಟರವರೆಗೆ ನನ್ನ ಹೊಟ್ಟೆಪಾಡು ಕಂಪ್ಯೂಟರಿನ ಮುಂದೆ ನಡೆಯುತ್ತದೆ. ಅಲ್ಲಿ ಕಂಡದ್ದನ್ನೂ, ಆಮೇಲೆ ಕುತೂಹಲದಿಂದ ಓದಿ ತಿಳಿದದ್ದನ್ನೂ ಇಲ್ಲಿ ಹೇಳಹೊರಟಿದ್ದೇನೆ.

ಮೊದಲು ಎರಡು ಹಳೆಯ ಶಬ್ದಗಳನ್ನು ನೆನಪಿಸಬೇಕು. ಮಂಡಿ ಸಾಹುಕಾರರ ಅಂಗಡಿಯಲ್ಲಿ ಎರಡು ಪುಸ್ತಕಗಳಿರುತ್ತವೆ. ಒಂದು ಕಿರ್ದಿ, ದಿನದ ವ್ಯವಹಾರವೆಲ್ಲ ನಡೆದ ಕ್ರಮದಲ್ಲಿಯೇ ಅದಕ್ಕೆ ಇಳಿಯುತ್ತದೆ. ಇನ್ನೊಂದು ಖಾತೆ, ಯಾರದೆಷ್ಟು ಬಾಕಿ, ಯಾರದೆಷ್ಟು ಜಮೆ ಎಂದು ಹೆಸರು ಹೆಸರಾಗಿ ಅದರಲ್ಲಿರುತ್ತದೆ. ನಮಗೆ ದಿನವೂ ಬೇಕಾಗುವುದು ಖಾತೆ; ಕಿರ್ದಿಯನ್ನು ತೆರೆದು ನೋಡುವವರು ಕಡಿಮೆ. ಆದರೆ ಖಾತೆ ಸುಟ್ಟುಹೋದರೆ ಕಿರ್ದಿಯಿಂದ ಅದನ್ನು ಮತ್ತೆ ಕಟ್ಟಬಹುದು. ಕಿರ್ದಿ ಹೋದರೆ ಖಾತೆಯಿಂದ ಅದನ್ನು ಕಟ್ಟಲಾಗದು. ಇವನದು ನೂರು ರೂಪಾಯಿ ಎಂದು ಖಾತೆ ಹೇಳುತ್ತದೆಯೇ ಹೊರತು ಆ ನೂರು ಹೇಗೆ ಬಂತೆಂದು ಹೇಳುವುದಿಲ್ಲ. ಕಂಪ್ಯೂಟರಿನ ಡೇಟಾಬೇಸಿನಲ್ಲಿಯೂ ಈ ಎರಡು ಪುಸ್ತಕಗಳಿವೆ. ನಾವು ತೆರೆಯ ಮೇಲೆ ನೋಡುವುದು ಖಾತೆ. ಮರೆಯಲ್ಲಿ ‘ಲಾಗ್’ ಎಂಬ ಕಿರ್ದಿಯೊಂದು ಸದ್ದಿಲ್ಲದೆ ಬೆಳೆಯುತ್ತಿರುತ್ತದೆ.

ಅನ್ನಪೂರ್ಣೇಶ್ವರಿ ನಗರ ಹೊರವರ್ತುಲ ರಸ್ತೆಯ ಪಕ್ಕದ ಬಡಾವಣೆ. ಒಂದು ಕಡೆ ನಾಗರಬಾವಿ, ಇನ್ನೊಂದು ಕಡೆ ಮಲ್ಲತ್ತಹಳ್ಳಿಯ ಕೆರೆ. ಕುಣಿಗಲ್ಲು, ಮಾಗಡಿಗಳ ಕಡೆಯಿಂದ ಬದುಕನ್ನರಸಿ ಬಂದ ಸಂಸಾರಗಳು ಇಲ್ಲಿ ಬಹಳ, ನಮ್ಮದೂ ಅವುಗಳಲ್ಲೊಂದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನನ್ನ ಅವ್ವ ನಾಲ್ಕು ಮನೆಗಳಲ್ಲಿ ಅಡುಗೆ ಮಾಡುತ್ತಾಳೆ. ನಾನು ಸಂಜೆ ದುಡಿಯುವುದು ಒಂದು ಚಿಕ್ಕ ಪತ್ತಿನ ಸಹಕಾರ ಸಂಘದಲ್ಲಿ. ಅದರ ಹೆಸರು ಇಲ್ಲಿ ಬೇಡ. ಹೂ ಮಾರುವವರು, ಆಟೋ ಓಡಿಸುವವರು, ಸೊಪ್ಪಿನ ಗಾಡಿಯವರು, ಅವ್ವನಂಥವರು ಅದರ ಸದಸ್ಯರು. ಅವರು ಕಟ್ಟುವುದು ಪಿಗ್ಮಿ.

ಪಿಗ್ಮಿ ಕನ್ನಡನಾಡಿನಲ್ಲೇ ಹುಟ್ಟಿದ ಏರ್ಪಾಡು. 1928ರಲ್ಲಿ ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟು, ಅಂದರೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆ, ಇದನ್ನು ಆರಂಭಿಸಿತು. ಬಡವರು ಬ್ಯಾಂಕಿಗೆ ಬಾರದಿದ್ದರೆ ಬ್ಯಾಂಕೇ ಬಡವರ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಾದರೂ ಪಡೆಯಲಿ ಎಂಬುದು ಅದರ ತತ್ತ್ವ. ಇಂದು ಎರಡಾಣೆಯ ಜಾಗದಲ್ಲಿ ಐವತ್ತು ರೂಪಾಯಿ ಬಂದಿದೆ. ಪಿಗ್ಮಿಯವರು ಸೈಕಲ್ಲಿನ ಬದಲು ಸ್ಕೂಟರಿನಲ್ಲಿ ಬರುತ್ತಾರೆ. ಉಳಿದದ್ದು ಹಾಗೆಯೇ ಇದೆ. ಅವರು ಬೀದಿ ಬೀದಿ ಸುತ್ತಿ ಹಣ ಪಡೆದು ತಮ್ಮ ಪುಸ್ತಕದಲ್ಲಿ ಗುರುತು ಮಾಡಿಕೊಳ್ಳುತ್ತಾರೆ. ಸಂಜೆ ನಾನು ಅದನ್ನು ಕಂಪ್ಯೂಟರಿಗೆ ಏರಿಸುತ್ತೇನೆ. ಸದಸ್ಯರ ಪಾಸ್‌ಬುಕ್ಕಿಗೆ ತಿಂಗಳಿಗೊಮ್ಮೆ ಮೊತ್ತ ಬೀಳುತ್ತದೆ.

2024ರ ಜುಲೈ ತಿಂಗಳ ಒಂದು ಸಂಜೆ. ಯಂತ್ರ ನಿಧಾನವಾಗಿದೆ ಎಂದು ಕಾರ್ಯದರ್ಶಿಗಳು ದೂರಿದ್ದರಿಂದ, ಅದನ್ನು ನೋಡಿಕೊಳ್ಳುವ ತರುಣರೊಬ್ಬರು ಬಂದು ಕುಳಿತಿದ್ದರು. ಯಂತ್ರದಲ್ಲಿ ಎರಡು ಡೇಟಾಬೇಸುಗಳಿದ್ದವು: ಒಂದು ಅಸಲು, ಇನ್ನೊಂದು ಪ್ರಯೋಗಕ್ಕೆಂದು ಎಂದೋ ಮಾಡಿಟ್ಟಿದ್ದ ನಕಲು. ಎರಡೂ ಹೆಸರುಗಳಿಗೆ ಕೊನೆಯಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ನಕಲನ್ನು ತೆಗೆದುಹಾಕಿ ಜಾಗ ಮಾಡಬೇಕೆಂಬುದು ಅವರ ಉದ್ದೇಶ. ತೆಗೆದುಹಾಕಿದ್ದು ಅಸಲನ್ನು. ಕಂಪ್ಯೂಟರು ಕೂಗಲಿಲ್ಲ, ಹೊಗೆ ಏಳಲಿಲ್ಲ. ಆಜ್ಞೆ ಸರಿಯಾಗಿ ನೆರವೇರಿತೆಂದು ವಿನಯದಿಂದ ಒಂದು ಸಾಲು ಬರೆಯಿತು. ನಾನು ಪಕ್ಕದ ಮೇಜಿನಲ್ಲಿ ರಸೀತಿ ಬರೆಯುತ್ತಿದ್ದವನು ಮುಂದಿನ ಸದಸ್ಯರ ಸಂಖ್ಯೆ ಒತ್ತಿದೆ. ಅಂಥ ಖಾತೆ ಇಲ್ಲವೆಂದು ಬಂತು. ಇನ್ನೊಂದು ಸಂಖ್ಯೆ ಒತ್ತಿದೆ, ಅದೂ ಇಲ್ಲ. ಕೊನೆಗೆ ನನಗೆ ಬಾಯಿಪಾಠವಿದ್ದ ಒಂದೇ ಸಂಖ್ಯೆಯನ್ನು ಒತ್ತಿದೆ. ಅವ್ವನ ಖಾತೆಯೂ ಇರಲಿಲ್ಲ. ಅದರಲ್ಲಿ ಹದಿನಾಲ್ಕು ಸಾವಿರ ಚಿಲ್ಲರೆ ಇತ್ತು. ನನ್ನ ಕೊನೆಯ ವರ್ಷದ ಖರ್ಚೂ ತಂಗಿಯ ಪಿಯುಸಿಯೂ ಆ ಹಣದಲ್ಲೇ ನಡೆಯಬೇಕಾಗಿತ್ತು.

ಆ ತರುಣರನ್ನು ದೂರುವುದು ನನ್ನ ಇಂಗಿತವಲ್ಲ. ಅವರ ಮುಖ ಬಿಳಿಚಿಹೋಗಿದ್ದರೂ ಮೊದಲು ಮಾಡಬೇಕಾದ ಕೆಲಸವನ್ನು ಅವರು ಮಾಡಿದರು: ಎಲ್ಲರೂ ಕೈ ತೆಗೆಯಿರಿ ಎಂದರು. ತಿರುಗುವ ಹಳೆಯ ಬಗೆಯ ಡಿಸ್ಕಿನಲ್ಲಿ ಕಡತವನ್ನು ಅಳಿಸಿದಾಗ ಸಾಮಾನ್ಯವಾಗಿ ಬರಹ ಒಡನೆಯೇ ಅಳಿಯುವುದಿಲ್ಲವಂತೆ. ಬರಹ ಎಲ್ಲಿದೆ ಎಂಬ ವಿಳಾಸ ಮಾತ್ರ ಅಳಿಯುತ್ತದೆ. ಜಾಗ ಖಾಲಿಯೆಂದು ತಿಳಿದು ಯಂತ್ರ ಅಲ್ಲಿ ಹೊಸದನ್ನು ಬರೆದಾಗಲೇ ನಿಜವಾದ ನಾಶ. ಆದ್ದರಿಂದ ಅನಾಹುತವಾದೊಡನೆ ಏನಾದರೂ ಮಾಡಬೇಕೆಂದು ತಡಕಾಡುವವನು ಉಳಿದದ್ದನ್ನೂ ಕಳೆಯುತ್ತಾನೆ.

ಆಮೇಲೆ ಬ್ಯಾಕಪ್ಪಿನ ವಿಚಾರ ಬಂತು. ಪ್ರತಿ ರಾತ್ರಿ ಇಡೀ ಲೆಕ್ಕದ ನಕಲು ಹೊರಗಿನ ಪುಟ್ಟ ಡಿಸ್ಕಿಗೆ ಹೋಗುವಂತೆ ಏರ್ಪಾಡಿತ್ತು. ತೆರೆದು ನೋಡಿದರೆ ಒಂದೊಂದು ತಾರೀಖಿಗೆ ಒಂದೊಂದು ಹೆಸರು, ಸಾಲಾಗಿ ನಿಂತಿದ್ದವು. ಕಾರ್ಯದರ್ಶಿಗಳು ನಿಟ್ಟುಸಿರು ಬಿಟ್ಟರು. ಆದರೆ ಹೆಸರಿನ ಮುಂದಿನ ಗಾತ್ರವನ್ನು ಓದಿದಾಗ ಅಲ್ಲಿ ಸೊನ್ನೆ. ಪುಟ್ಟ ಡಿಸ್ಕು ತುಂಬಿಹೋಗಿ ನಲವತ್ತು ದಿನಗಳಾಗಿದ್ದವು. ಯಂತ್ರ ಪ್ರತಿ ರಾತ್ರಿಯೂ ನಿಷ್ಠೆಯಿಂದ ಖಾಲಿ ಲಕೋಟೆಯ ಮೇಲೆ ವಿಳಾಸ ಬರೆದು ಇಟ್ಟಿತ್ತು. ಕೊನೆಯ ತುಂಬಿದ ನಕಲು 41 ದಿನ ಹಳೆಯದು.

ನಮ್ಮ ಸಂಘ ಚಿಕ್ಕದು, ಆದ್ದರಿಂದ ಹೀಗಾಯಿತು ಎಂದು ನಾನು ಆಗ ಭಾವಿಸಿದ್ದೆ. ಆಮೇಲೆ ಓದಿದಾಗ ಆ ಭಾವನೆ ಹೋಯಿತು. ಜಗತ್ತಿನ ತಂತ್ರಜ್ಞರು ತಮ್ಮ ಕೆಲಸವನ್ನೆಲ್ಲ ಒಯ್ದು ಇಡುವ ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ 2017ರ ಜನವರಿ 31ರ ರಾತ್ರಿ ಇದೇ ನಡೆದಿತ್ತು. ಎರಡು ಯಂತ್ರಗಳಲ್ಲಿ ಒಂದು ಅಸಲು, ಇನ್ನೊಂದು ಅದರ ಜೊತೆಗಾರ. ಜೊತೆಗಾರನಲ್ಲಿ ಅಳಿಸುತ್ತಿದ್ದೇನೆಂದು ತಿಳಿದು ಒಬ್ಬ ಎಂಜಿನಿಯರು ಅಸಲಿನಲ್ಲಿ ಅಳಿಸಿದ. ಒಂದೆರಡು ಕ್ಷಣಗಳಲ್ಲಿಯೇ ತಿಳಿದು ತಡೆದರೂ ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು ನಾಲ್ಕೂವರೆ ಮಾತ್ರ. ಅವರಲ್ಲಿ ನಕಲು ಕಾಯುವ ಏರ್ಪಾಡುಗಳು ಒಂದಲ್ಲ, ಹಲವು. ದಿನನಿತ್ಯದ ನಕಲು ತೆಗೆಯುವ ತಂತ್ರಾಂಶದ ಆವೃತ್ತಿ ಹೊಂದದೆ ಅದು ಪ್ರತಿ ಸಲವೂ ಸೋಲುತ್ತಿತ್ತು. ಸೋತೆನೆಂದು ಅದು ಕಳಿಸುತ್ತಿದ್ದ ಮಿಂಚಂಚೆ ಯಾರ ಕೈಗೂ ತಲಪುತ್ತಿರಲಿಲ್ಲ. ಕೊನೆಗೆ ಕಾಪಾಡಿದ್ದು, ಆರು ಗಂಟೆಗಳ ಹಿಂದೆ ಪ್ರಯೋಗಕ್ಕೆಂದು ಕೈಯಾರೆ ತೆಗೆದಿದ್ದ ಒಂದು ಪ್ರತಿ. ಅದನ್ನು ತೆಗೆದಿದ್ದವನು ಅದೇ ಎಂಜಿನಿಯರು! ಸುಮಾರು 5,000 ಯೋಜನೆಗಳಿಗೆ ಸಂಬಂಧಿಸಿದ ಆ ಆರು ಗಂಟೆಗಳ ಬರಹ ಹೋಯಿತು, ಉಳಿದದ್ದು ಮರಳಿತು. ಸಂಸ್ಥೆ ಈ ಕಥೆಯನ್ನು ಮುಚ್ಚಿಡಲಿಲ್ಲ. ದುರಸ್ತಿಯನ್ನು ಲೋಕವೆಲ್ಲ ನೋಡುವಂತೆ ಬಹಿರಂಗವಾಗಿಯೇ ನಡೆಸಿತು.

ಹೀಗಿರಲು ಮರುದಿನ ನಮ್ಮ ಸಂಘದ ಬಾಗಿಲಿನಲ್ಲಿ ಏನು ಫಲಕ ಹಾಕಬೇಕೆಂಬ ಚರ್ಚೆಯಾಯಿತು. ‘ಯಂತ್ರ ದುರಸ್ತಿಯಲ್ಲಿದೆ’ ಎಂದಷ್ಟೇ ಬರೆಯೋಣ ಎಂದರು ಕಾರ್ಯದರ್ಶಿಗಳು. ನಿರ್ದೇಶಕರಲ್ಲಿ ವಯೋವೃದ್ಧರಾದ, ಹಿಂದೆ ಅಕ್ಕಿ ಮಂಡಿ ಇಟ್ಟಿದ್ದ ಒಬ್ಬರು ಒಪ್ಪಲಿಲ್ಲ. “ನೋಡಿ ಸ್ವಾಮಿ, ಲೆಕ್ಕ ಕಳೆದುಹೋದರೆ ತಿರುಗಿ ಬರೆಯಬಹುದು. ಸುಳ್ಳು ಹೇಳಿದಿರಿ ಅಂತ ಗೊತ್ತಾದರೆ ನಾಳೆ ಬರೆಯೋದಕ್ಕೆ ಲೆಕ್ಕವೇ ಇರೋದಿಲ್ಲ” ಎಂದರು. ನಡೆದದ್ದನ್ನು ನಡೆದಂತೆಯೇ ಬರೆದು, ರಸೀತಿ, ಚೀಟಿ, ಪಾಸ್‌ಬುಕ್ಕು ಇದ್ದವರು ದಯವಿಟ್ಟು ತನ್ನಿರಿ ಎಂದು ಕೋರಿ ಫಲಕ ಹಾಕಲಾಯಿತು. ಬೆಳಿಗ್ಗೆ ಜನ ಸೇರಿದರು. ಕೂಗಾಟವೂ ಆಯಿತು. ಆದರೆ ಮಧ್ಯಾಹ್ನದ ಹೊತ್ತಿಗೆ ಪ್ಲಾಸ್ಟಿಕ್ ಚೀಲಗಳಲ್ಲಿ, ಸೆರಗಿನ ಗಂಟುಗಳಲ್ಲಿ ಕಾಗದಗಳು ಬರತೊಡಗಿದವು.

ಇತ್ತ ಕಿರ್ದಿಯನ್ನು ಹುಡುಕಲಾಯಿತು. ಡೇಟಾಬೇಸು ಹೋಗಿದ್ದರೂ ಲಾಗ್ ಬೇರೆಯಾಗಿ ಉಳಿದಿತ್ತು. ಈ ಲಾಗಿನ ಶಾಸ್ತ್ರವನ್ನು ರೂಪಿಸಿದವರಲ್ಲಿ ಮದರಾಸಿನ ಐಐಟಿಯಲ್ಲಿ ಓದಿ ಅಮೆರಿಕದ ಐಬಿಎಂ ಸಂಸ್ಥೆ ಸೇರಿದ ಸಿ. ಮೋಹನ್ ಪ್ರಮುಖರು. ಅವರೂ ಅವರ ಸಂಗಡಿಗರೂ 1992ರಲ್ಲಿ ಪ್ರಕಟಿಸಿದ ‘ಏರೀಸ್’ ಎಂಬ ವಿಧಾನ ಹೆಸರಾದದ್ದು. ಅದರ ಮೂಲದಲ್ಲಿರುವ ನಿಯಮ ನಮ್ಮ ಮಂಡಿಯ ಗುಮಾಸ್ತರಿಗೂ ಗೊತ್ತಿದ್ದದ್ದೇ: ಮೊದಲು ಕಿರ್ದಿಗೆ ಬರೆ, ಆಮೇಲೆ ಖಾತೆಗೆ ಏರಿಸು. ನಡುವೆ ದೀಪ ಆರಿದರೆ ಕಿರ್ದಿಯನ್ನು ಓದಿ, ಆದದ್ದನ್ನೆಲ್ಲ ಮತ್ತೆ ಮಾಡು. ಅರ್ಧಕ್ಕೆ ನಿಂತದ್ದನ್ನು ರದ್ದು ಮಾಡು.

ಆ ಕಿರ್ದಿಯಲ್ಲಿ ನಾನು ಕಂಡ ಒಂದು ಸೋಜಿಗವನ್ನು ಹೇಳಲೇಬೇಕು. ನಡೆದದ್ದೆಲ್ಲವನ್ನೂ ಬರೆಯುವುದು ಅದರ ಧರ್ಮ. ಆದ್ದರಿಂದ ಡೇಟಾಬೇಸನ್ನು ತೆಗೆದುಹಾಕಿದ ಆಜ್ಞೆಯೂ ಅದರ ಕೊನೆಯ ಸಾಲಾಗಿ ಅಲ್ಲಿತ್ತು! ಕಿರ್ದಿಯನ್ನು ಮೊದಲಿನಿಂದ ಕೊನೆಯವರೆಗೆ ಕಣ್ಣುಮುಚ್ಚಿ ಓಡಿಸಿದ್ದರೆ ಎಲ್ಲವನ್ನೂ ಕಟ್ಟಿ, ಕಟ್ಟಿದ್ದನ್ನು ಮತ್ತೊಮ್ಮೆ ಕೆಡವಿಬಿಡುತ್ತಿತ್ತು. ಆ ಸಾಲಿಗೆ ಒಂದು ಸಾಲು ಹಿಂದೆ ನಿಲ್ಲಬೇಕು. ಆ ತರುಣರು ಬೆರಳಿಟ್ಟು ನಾಲ್ಕು ಸಲ ಓದಿ ಆ ಸ್ಥಳವನ್ನು ಗುರುತು ಮಾಡಿಕೊಂಡರು.

ಆದರೆ ಕಿರ್ದಿ ಇದ್ದದ್ದು ಮೂವತ್ತೇ ದಿನದ್ದು. ಅದಕ್ಕಿಂತ ಹಳೆಯದನ್ನು ಯಂತ್ರ ತಾನಾಗಿ ಕಳೆಯುತ್ತಿತ್ತು. ನಕಲು 41 ದಿನ ಹಳೆಯದು. ಕಿರ್ದಿ 30 ದಿನದ್ದು. ನಡುವೆ ಹನ್ನೊಂದು ದಿನಗಳ ಹಳ್ಳ. ಅದನ್ನು ಮೊದಲು ತುಂಬದೆ ಮುಂದಿನ ಕಿರ್ದಿಯನ್ನು ಓಡಿಸುವಂತಿರಲಿಲ್ಲ. ಅದನ್ನು ತುಂಬಲು ಇದ್ದದ್ದು ಕಾಗದ: ರಸೀತಿ ಪುಸ್ತಕದ ಕಾರ್ಬನ್ ಪ್ರತಿಗಳು, ಬ್ಯಾಂಕಿಗೆ ಹಣ ಕಟ್ಟಿದ ಚಲನ್ನುಗಳು, ಪಿಗ್ಮಿಯವರ ಪುಸ್ತಕಗಳು. ನಾಲ್ಕು ಸಂಜೆ ನಾವು ಮೂವರು ಕುಳಿತು ಹಳೆಯ ನಕಲನ್ನು ಬೇರೊಂದು ಯಂತ್ರಕ್ಕೆ ಇಳಿಸಿ, ಅದಕ್ಕೆ ಹನ್ನೊಂದು ದಿನದ ವ್ಯವಹಾರವನ್ನು ಒಂದೊಂದಾಗಿ ಏರಿಸಿದೆವು. ಕೂಡಿ ನೋಡಿದರೆ ಸುಮಾರು ಒಂಬತ್ತು ಸಾವಿರ ರೂಪಾಯಿ ಕಡಿಮೆ. ಬ್ಯಾಂಕಿಗೆ ಹಣ ಮೂರು ದಿನಕ್ಕೊಮ್ಮೆ ಹೋಗುತ್ತಿದ್ದುದರಿಂದ ಒಂದು ಮೂರು ದಿನಗಳ ಗುಂಪಿನಲ್ಲಿ ಕೊರೆ ಬಿದ್ದಿದೆ ಎಂದಷ್ಟೇ ತಿಳಿಯಿತು. ಯಾರದು, ಯಾವ ದಿನದ್ದು ಎಂದು ತಿಳಿಯಲಿಲ್ಲ.

ಆ ರಾತ್ರಿ ಊಟಕ್ಕೆ ಕುಳಿತಾಗ ಅವ್ವ ಕೇಳಿದಳು: “ಯಾಕ್ ಮಗ, ಮಿಷನ್ನಿನಾಗೆ ಇಲ್ಲ ಅಂದ್ರೆ ನಾವ್ ಕಟ್ಟಿದ್ದು ಕಟ್ಟಿದ್ದಲ್ವ?”

ನಾನು ಕೊರೆಯ ವಿಷಯ ಹೇಳಿದೆ. ಅವಳು ಕೈ ತೊಳೆದು ಗೋಡೆಯ ಕ್ಯಾಲೆಂಡರು ತೆಗೆದುಕೊಂಡು ಬಂದು ಜೂನ್ ತಿಂಗಳ ಹಾಳೆ ತಿರುಗಿಸಿದಳು. ತಾರೀಖುಗಳ ಮೇಲೆ ಅರಿಶಿನದ ಚುಕ್ಕೆಗಳಿದ್ದವು. ಹಾಲಿನ ಲೆಕ್ಕವಿರಬೇಕೆಂದು ನಾನು ಇಷ್ಟು ದಿನ ತಿಳಿದಿದ್ದೆ. “ನಂಗೇನ್ ಓದಾಕ್ ಬತ್ತದಾ? ಪಿಗ್ಮಿಯಪ್ಪ ಬಂದ್ ಹೋದ್ಮೇಲೆ ಒಂದ್ ಬೊಟ್ಟು ಇಡ್ತೀನಿ. ಬರದಿದ್ ದಿನ ಬಿಡ್ತೀನಿ” ಎಂದಳು. ನಾನು ಆ ಹನ್ನೊಂದು ದಿನಗಳನ್ನು ಎಣಿಸಿದೆ. ಅವ್ವನ ಚುಕ್ಕೆ ಒಂಬತ್ತು. ನಾವು ಏರಿಸಿದ್ದರಲ್ಲಿ ಅವಳ ಹೆಸರಿಗೆ ಎಂಟೇ ಕಂತು. ಹೆಚ್ಚಿನ ಚುಕ್ಕೆ ಇದ್ದದ್ದು ಕೊರೆ ಬಿದ್ದ ಆ ಮೂರು ದಿನಗಳ ನಡುವಿನ ದಿನದ ಮೇಲೆ.

ಮರುದಿನ ಪಿಗ್ಮಿಯವರ ಪುಸ್ತಕದಲ್ಲಿ ಆ ದಿನವನ್ನೇ ಹುಡುಕಿದೆವು. ಅಂದು ಮಳೆ ಬಂದಿತ್ತಂತೆ. ಪುಸ್ತಕ ನೆನೆದು ಎರಡು ಹಾಳೆಗಳು ಅಂಟಿಕೊಂಡು ಒಂದಾಗಿದ್ದವು. ಬಿಡಿಸಿದಾಗ ಒಳಗೆ ಇಡೀ ಒಂದು ದಿನವಿತ್ತು: ನೂರಕ್ಕೂ ಹೆಚ್ಚು ಹೆಸರುಗಳು, ಮಸುಕಾಗಿ, ಆದರೆ ಓದಲು ಬರುವಂತೆ. ಅದನ್ನು ಏರಿಸಿ ಕೂಡಿದಾಗ ಮೊತ್ತ ಪೈಸೆಗೆ ಪೈಸೆ ಹೊಂದಿತು. ಆಮೇಲೆ ಮೂವತ್ತು ದಿನದ ಕಿರ್ದಿಯನ್ನು, ಆ ಕೊನೆಯ ಸಾಲಿಗೆ ಒಂದು ಸಾಲು ಹಿಂದಿನವರೆಗೆ, ಓಡಿಸಿದೆವು.

ಅಕ್ಷರ ಬಾರದ ಅವ್ವನ ಗೋಡೆಯಲ್ಲಿ ಕಿರ್ದಿ ಇದ್ದದ್ದು ಪದವಿಗೆ ಓದುತ್ತಿರುವ ನನಗೆ ಗೊತ್ತಿರಲಿಲ್ಲ. ದೊಡ್ಡ ಲೆಕ್ಕಗಳೂ ಹೀಗೆಯೇ ಸಣ್ಣ ಕೈಗಳಿಂದ ಉಳಿದುಬಂದಿವೆ ಎಂದು ಆಮೇಲೆ ನನಗೆ ಅನ್ನಿಸತೊಡಗಿತು. ನಮ್ಮ ತರಗತಿಯ ಪಾಠಗಳೇ ಬೇರೆಯಾಗಿ ಕಾಣತೊಡಗಿದವು. ಪೊನ್ನನ ‘ಭುವನೈಕರಾಮಾಭ್ಯುದಯ’ ನಮಗೆ ದೊರೆತಿಲ್ಲ. ಒಂದನೆಯ ಗುಣವರ್ಮನ ‘ಶೂದ್ರಕ’ವೂ ದೊರೆತಿಲ್ಲ, ಆದರೆ ಮಲ್ಲಿಕಾರ್ಜುನನ ‘ಸೂಕ್ತಿಸುಧಾರ್ಣವ’ದಂಥ ಸಂಕಲನಗಳಲ್ಲಿ ಯಾರೋ ಮೆಚ್ಚಿ ಎತ್ತಿ ಬರೆದುಕೊಂಡ ಬಿಡಿಪದ್ಯಗಳಾಗಿ ಅದು ಚೂರು ಚೂರು ಉಳಿದಿದೆ. ಕೌಟಿಲ್ಯನ ಅರ್ಥಶಾಸ್ತ್ರ ಶತಮಾನಗಳ ಕಾಲ ಬರಿಯ ಹೆಸರಾಗಿತ್ತು. ತಂಜಾವೂರಿನ ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಓಲೆಯ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಓಲೆ ಅಲ್ಲಿಗೆ ಬಂದದ್ದು ಅರ್ಧ ಪುಣ್ಯ. ಅದನ್ನು ಬಿಚ್ಚಿ ಓದಿದವರಿದ್ದದ್ದು ಇನ್ನರ್ಧ.

ಕಲ್ಲು ಅಳಿಯದೆಂದು ಮೊದಲು ಹೇಳಿದೆನಷ್ಟೆ. ಅದೂ ಪೂರ್ಣ ನಿಜವಲ್ಲ. ಬಿ. ಎಲ್. ರೈಸ್ ಅವರು ಹಳೆಯ ಮೈಸೂರು ಮತ್ತು ಕೊಡಗಿನ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಪ್ರಕಟಿಸಿದರು. ಬೆಂಗಳೂರು ಜಿಲ್ಲೆಯ ಸಂಪುಟ ಬಂದದ್ದು 1905ರಲ್ಲಿ. ಆಮೇಲೆ ಊರು ಬೆಳೆಯಿತು, ಹೊಲಗಳು ಬಡಾವಣೆಗಳಾದವು, ಅವರು ಓದಿದ ಎಷ್ಟೋ ಕಲ್ಲುಗಳು ಇಂದು ಇದ್ದ ಜಾಗದಲ್ಲಿಲ್ಲ. ಕಲ್ಲು ಹೋದ ಕಡೆ ನಮಗೆ ಉಳಿದಿರುವುದು ಆ ಅಚ್ಚಿನ ಪಾಠ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಉಳಿದ ಕಲ್ಲುಗಳನ್ನು ಯಂತ್ರದ ಬೆಳಕಿನಿಂದ ಎಲ್ಲ ಮಗ್ಗುಲಿಂದಲೂ ಅಳೆದು ಕಂಪ್ಯೂಟರಿನಲ್ಲಿ ಇಡುತ್ತಿದ್ದಾರೆ. ಕಲ್ಲಿನ ಬರಹಕ್ಕೆ ಅಚ್ಚಿನ ಪುಸ್ತಕವೂ, ಈಗ ಕಂಪ್ಯೂಟರೂ ಜೊತೆಗಾರರಾಗಿವೆ. ಒಂದನ್ನೇ ನಂಬಿದರೆ ಯಾವುದೂ ಗಟ್ಟಿಯಲ್ಲ.

ಸಹಪಾಠಿಗಳಲ್ಲಿ ನನ್ನದೊಂದು ವಿಜ್ಞಾಪನೆ. ನಮ್ಮಲ್ಲಿ ಬಹುಮಂದಿ ಮೂರು ವರ್ಷದ ಟಿಪ್ಪಣಿಗಳನ್ನೂ, ಅಂಕಪಟ್ಟಿಗಳ ಚಿತ್ರಗಳನ್ನೂ ಒಂದೇ ಫೋನಿನಲ್ಲಿ ಇಟ್ಟುಕೊಂಡು ನಿಶ್ಚಿಂತರಾಗಿದ್ದೇವೆ. ಇನ್ನೊಂದು ಪ್ರತಿ ಇಡಿ. ಇಟ್ಟು ಮರೆಯದೆ ಆಗಾಗ ತೆರೆದು ಓದಿ. ಓದಿ ನೋಡದ ನಕಲು ಇದ್ದೂ ಇಲ್ಲದಂತೆಯೇ. ನಮ್ಮ ಸಂಘದಲ್ಲಿ ಈಗ ತಿಂಗಳ ಮೊದಲ ಶನಿವಾರ ಒಂದು ಕ್ರಮ ನಡೆಯುತ್ತದೆ. ಹಿಂದಿನ ರಾತ್ರಿಯ ನಕಲನ್ನು ಹಳೆಯ ಯಂತ್ರವೊಂದಕ್ಕೆ ಇಳಿಸಿ, ಬಾಗಿಲಿಗೆ ಬಂದ ಮೊದಲ ಸದಸ್ಯರ ಖಾತೆಯನ್ನು ತೆಗೆದು ಗಟ್ಟಿಯಾಗಿ ಓದಿ ಹೇಳುತ್ತೇವೆ. ಅವರು ಸರಿ ಎಂದ ಮೇಲೆ ಆ ದಿನದ ಕೆಲಸ ಆರಂಭವಾಗುತ್ತದೆ. ಕಳೆದ ಬಾರಿ ಬಂದವರು ಒಬ್ಬ ಹೂವಿನ ಮುದುಕಿ. ಓದಿದ್ದನ್ನೆಲ್ಲ ಕೇಳಿ, ಬೆರಳು ಮಡಿಸಿ ಎಣಿಸಿ, “ಸರಿಯಾಗೈತೆ ಕಣಪ್ಪ, ಬರಕೋ” ಎಂದರು.